ಮಾನ್ಯತೆಯ ಏಣಿ: ಆಟಗಳನ್ನು ಆಳುವವರು ಯಾರು?

(ಕ್ರೀಡಾಸಕ್ತ ಕಾಲೇಜು ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕರ್ನಾಟಕದಲ್ಲಿ ಒಂದು ಸಂಘ ಕಟ್ಟಲು ಏಳು ಜನ ಸಾಕು. 1960ರ ಸಂಘಗಳ ನೋಂದಣಿ ಕಾಯ್ದೆ ಕೇಳುವುದು ಮುಖ್ಯವಾಗಿ ಏಳು ಸಹಿ, ಒಂದು ವಿಳಾಸ ಮತ್ತು ಒಂದು ನಿಯಮಾವಳಿ. ಹೆಸರಿಗೆ ಆಕ್ಷೇಪ ಬರದಿದ್ದರೆ ದಾವಣಗೆರೆಯ ಏಳು ಮಂದಿ ಗೆಳೆಯರು ಸೇರಿ ‘ವಿಶ್ವ ಚಿನ್ನಿದಾಂಡು ಮಹಾಮಂಡಲ’ ಎಂಬ ಫಲಕ ತೂಗುಹಾಕಬಹುದು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸಿದ್ಧ. ರಬ್ಬರ್ ಸ್ಟಾಂಪೂ ಬಂತು. ಬೇಸಿಗೆಯಲ್ಲಿ ಒಂದು ಪಂದ್ಯಾವಳಿ ನಡೆಸಿ, ಗೆದ್ದವನಿಗೆ ‘ವಿಶ್ವ ಚಾಂಪಿಯನ್’ ಎಂದು ಪ್ರಮಾಣಪತ್ರ ಕೊಟ್ಟರೆ ಬೇಡ ಎನ್ನುವವರು ಯಾರೂ ಇಲ್ಲ.

ಆದರೆ ಆ ಪ್ರಮಾಣಪತ್ರವನ್ನು ಒಪ್ಪುವವರು ಯಾರು? ಪ್ರಶ್ನೆ ಇರುವುದು ಅಲ್ಲಿಯೇ.

ನಗು ಬರುವ ಸಂಗತಿಯೆಂದರೆ ಜಗತ್ತಿನ ಅತ್ಯಂತ ಶ್ರೀಮಂತ ಕ್ರೀಡಾ ಸಂಸ್ಥೆಗಳಲ್ಲೊಂದಾದ ‘ಫಿಫಾ’ ಕೂಡ ಕಾನೂನಿನ ಕಣ್ಣಿನಲ್ಲಿ ಇಂಥದೇ ಒಂದು ಸಂಘ. ಸ್ವಿಟ್ಜರ್ಲೆಂಡಿನ ನಾಗರಿಕ ಸಂಹಿತೆಯ 60ನೇ ವಿಧಿ ಮತ್ತು ಅದರ ಮುಂದಿನ ವಿಧಿಗಳ ಪ್ರಕಾರ ಅದು ಜೂರಿಕ್‌ನಲ್ಲಿ ನೋಂದಾಯಿತವಾದ ಸಂಘ. ಲುಸಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಸ್ವಿಸ್ ಕಾನೂನಿನ ಅಡಿಯ ಸಂಘವೇ. ಯಾವ ದೇಶದ ಸಂಸತ್ತೂ ಇವುಗಳನ್ನು ಹುಟ್ಟುಹಾಕಲಿಲ್ಲ. ವಿಶ್ವಸಂಸ್ಥೆ ಇವುಗಳಿಗೆ ಅಧಿಕಾರ ಕೊಡಲಿಲ್ಲ. ಇವುಗಳ ಬಳಿ ಪೊಲೀಸರಿಲ್ಲ, ಸೈನ್ಯವಿಲ್ಲ. ಫಿಫಾ 1904ರ ಮೇ 21ರಂದು ಪ್ಯಾರಿಸ್‌ನಲ್ಲಿ ಹುಟ್ಟಿದಾಗ ಅದರಲ್ಲಿದ್ದುದು ಏಳೇ ದೇಶಗಳು: ಫ್ರಾನ್ಸ್, ಬೆಲ್ಜಿಯಂ, ಡೆನ್ಮಾರ್ಕ್, ಹಾಲೆಂಡ್, ಸ್ಪೇನ್, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್. ಫುಟ್‌ಬಾಲಿನ ತವರಾದ ಇಂಗ್ಲೆಂಡ್ ಆ ಸಭೆಗೆ ಬರಲೇ ಇಲ್ಲ, ಸೇರಿದ್ದು ಮರುವರ್ಷ.

ಹಾಗಾದರೆ ಚಿನ್ನಿದಾಂಡು ಮಹಾಮಂಡಲಕ್ಕೂ ಫಿಫಾಗೂ ಇರುವ ವ್ಯತ್ಯಾಸವೇನು? ಒಂದೇ ಒಂದು. ಫಿಫಾವನ್ನು ಉಳಿದವರೆಲ್ಲ ಒಪ್ಪಿದ್ದಾರೆ. ಕ್ರೀಡೆಯ ಭಾಷೆಯಲ್ಲಿ ಇದಕ್ಕೆ ‘ಮಾನ್ಯತೆ’ ಎಂದು ಹೆಸರು. ಆಟಗಾರನ ಬೆವರು ಮೈದಾನದಲ್ಲಿ ಬಿದ್ದರೂ ಅದು ದಾಖಲೆಗೆ ಸೇರುವುದು ಈ ಮಾನ್ಯತೆಯ ಮೂಲಕವೇ. ಅದು ತುಂಡಾದ ದಿನ ಓಡಿದ ಓಟ, ಹೊಡೆದ ಗೋಲು ಯಾವ ಲೆಕ್ಕಕ್ಕೂ ಬಾರದೆ ಹೋಗಬಹುದು.

ಹಾಕಿ ಕಲಿಸಿದ ಪಾಠ

ಮಾನ್ಯತೆ ಎಂದರೆ ಏನೆಂಬುದನ್ನು ಭಾರತೀಯರಿಗೆ ಹತ್ತಿರದ ಆಟವಾದ ಹಾಕಿಯಿಂದಲೇ ತಿಳಿಯಬಹುದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಾಕಿ ಇತ್ತು. 1920ರ ಆಂಟ್‌ವರ್ಪ್ ಕೂಟದಲ್ಲೂ ಇತ್ತು. 1924ರ ಪ್ಯಾರಿಸ್ ಕೂಟದಲ್ಲಿ ಮಾತ್ರ ಅದನ್ನು ಕೈಬಿಡಲಾಯಿತು. ಆಟ ಚೆನ್ನಾಗಿಲ್ಲ ಎಂದಲ್ಲ, ಆಡುವವರಿಲ್ಲ ಎಂದೂ ಅಲ್ಲ. ಹಾಕಿಗೆ ಒಂದು ಅಂತರರಾಷ್ಟ್ರೀಯ ಸಂಸ್ಥೆಯೇ ಇರಲಿಲ್ಲ. ನಿಯಮ ಯಾರದು, ತಂಡಗಳನ್ನು ಕಳುಹಿಸುವವರು ಯಾರು, ತಕರಾರು ಬಂದರೆ ತೀರ್ಮಾನಿಸುವವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರಿರಲಿಲ್ಲ.

ಪೋಲ್ ಲಿಯೋಟೆ ಎಂಬ ಫ್ರೆಂಚ್ ಮಹನೀಯರು ಸುಮ್ಮನೆ ಕೂರಲಿಲ್ಲ. 1924ರ ಜನವರಿ 7ರಂದು ಪ್ಯಾರಿಸ್‌ನಲ್ಲಿ ಏಳು ದೇಶಗಳನ್ನು ಸೇರಿಸಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಸ್ಥಾಪಿಸಿದರು. ಇಲ್ಲಿಯೂ ಏಳೇ ಎಂಬುದು ಕಾಕತಾಳೀಯ. ಇತ್ತ ಭಾರತದಲ್ಲಿ 1925ರಲ್ಲಿ ಗ್ವಾಲಿಯರ್‌ನಲ್ಲಿ ಭಾರತೀಯ ಹಾಕಿ ಫೆಡರೇಷನ್ ಹುಟ್ಟಿತು. ಯೂರೋಪಿನ ಹೊರಗಿನಿಂದ ಅಂತರರಾಷ್ಟ್ರೀಯ ಹಾಕಿ ಸಂಸ್ಥೆಗೆ ಸೇರಿದ ಮೊದಲ ದೇಶವೆಂಬ ಕೀರ್ತಿ ಭಾರತದ್ದು.

1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಹಾಕಿ ಮರಳಿತು. ಜೈಪಾಲ್ ಸಿಂಗ್ ನಾಯಕತ್ವದ ಭಾರತ ತಂಡ 29 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಧ್ಯಾನ್‌ಚಂದ್ ಒಬ್ಬರದೇ 14 ಗೋಲು. ಫೈನಲ್‌ನಲ್ಲಿ ಹಾಲೆಂಡ್ ವಿರುದ್ಧ 3–0 ಗೆಲುವು. ಧ್ಯಾನ್‌ಚಂದರ ಸ್ಟಿಕ್ಕಿನ ಮಾಂತ್ರಿಕತೆಯನ್ನು ಎಲ್ಲರೂ ನೆನೆಯುತ್ತಾರೆ. ಆ ಸ್ಟಿಕ್ಕನ್ನು ಆಮ್‌ಸ್ಟರ್‌ಡ್ಯಾಮಿನವರೆಗೆ ಒಯ್ದದ್ದು ಎರಡು ಕಚೇರಿಗಳ ನಡುವಿನ ಕಾಗದಪತ್ರ ಎಂಬುದನ್ನು ನೆನೆಯುವವರು ಕಡಿಮೆ.

ಒಳಗಿನ ಕಟ್ಟಡ

ಅಂತರರಾಷ್ಟ್ರೀಯ ಸಂಸ್ಥೆಯೊಂದರ ಒಳರಚನೆ ಬಲು ಗೋಜಲಿನದೇನಲ್ಲ. ನಮ್ಮ ಸಹಕಾರ ಸಂಘಗಳನ್ನು ಬಲ್ಲವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಸದಸ್ಯರೆಂದರೆ ಆಟಗಾರರಲ್ಲ, ದೇಶಗಳ ಸಂಸ್ಥೆಗಳು. ಅವರ ಮಹಾಸಭೆಗೆ ‘ಕಾಂಗ್ರೆಸ್’ ಎಂದು ಹೆಸರು. ಕಾಂಗ್ರೆಸ್ ಅಧ್ಯಕ್ಷರನ್ನು ಆರಿಸುತ್ತದೆ. ದಿನನಿತ್ಯದ ತೀರ್ಮಾನಕ್ಕೆ ಒಂದು ಕಾರ್ಯಕಾರಿ ಮಂಡಲಿ, ಅದರ ಕೆಳಗೆ ತೀರ್ಪುಗಾರರು, ವೈದ್ಯಕೀಯ, ಶಿಸ್ತು ಮುಂತಾದ ಸಮಿತಿಗಳು. ಸಂಬಳ ಪಡೆಯುವ ಪ್ರಧಾನ ಕಾರ್ಯದರ್ಶಿ ಕಚೇರಿ ನಡೆಸುತ್ತಾರೆ. ಆಟದ ನಿಯಮ, ಪಂದ್ಯಗಳ ಕ್ಯಾಲೆಂಡರ್, ವಿಶ್ವ ದಾಖಲೆ, ಶ್ರೇಯಾಂಕ, ಉದ್ದೀಪನ ಮದ್ದಿನ ಪರೀಕ್ಷೆ, ವಿಶ್ವಕಪ್ಪಿನ ಟಿ.ವಿ. ಹಕ್ಕು ಎಲ್ಲವೂ ಇವರ ಕೈಯಲ್ಲಿ.

ಮತದ ಹಕ್ಕಿನಲ್ಲಿ ಮಾತ್ರ ಒಂದೊಂದು ಆಟದ್ದು ಒಂದೊಂದು ರೀತಿ. ಫಿಫಾದಲ್ಲಿ 211 ಸದಸ್ಯರು; ಎಲ್ಲರಿಗೂ ಒಂದೇ ಮತ. ಐದು ಬಾರಿ ವಿಶ್ವಕಪ್ ಗೆದ್ದ ಬ್ರೆಜಿಲ್‌ಗೂ ಒಂದು, ಐದು ಸಾವಿರದಷ್ಟು ಜನರಿರುವ ಮಾಂಟ್‌ಸೆರಾಟ್ ದ್ವೀಪಕ್ಕೂ ಒಂದು. ಕ್ರಿಕೆಟ್‌ನದು ಬೇರೆ ಕಥೆ. 1909ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮೂರೇ ಸೇರಿ ಕಟ್ಟಿದ ‘ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್’ ಇಂದಿನ ಐ.ಸಿ.ಸಿ. ಭಾರತ ಅದಕ್ಕೆ ಸೇರಿದ್ದು 1926ರಲ್ಲಿ. ಇಂಪೀರಿಯಲ್ ಎಂಬ ಪದ ಹೋಗಿ ಇಂಟರ್‌ನ್ಯಾಷನಲ್ ಬಂದದ್ದು 1965ರಲ್ಲಿ. ಇಂದಿಗೂ ಅಲ್ಲಿ ಪೂರ್ಣ ಸದಸ್ಯರು 12 ಮಾತ್ರ. ಉಳಿದ ಹತ್ತಾರು ದೇಶಗಳು ಸಹ ಸದಸ್ಯರಾಗಿ ಎರಡನೇ ಸಾಲಿನಲ್ಲಿ ಕೂರುತ್ತವೆ.

ಒಂದು ದೇಶ ಒಂದು ಮತ ಎಂಬುದು ಕೇಳಲು ನ್ಯಾಯವೇ. ಆದರೆ ಸಣ್ಣ ಸಣ್ಣ ಸದಸ್ಯರ ಮತಗಳನ್ನು ಅನುದಾನದ ಆಸೆ ತೋರಿಸಿ ಒಟ್ಟುಮಾಡಿಕೊಳ್ಳುವ ಕಲೆಯೂ ಅದರ ಜೊತೆಗೇ ಬೆಳೆಯುತ್ತದೆ. ಕೆಲವರಿಗೆ ಮಾತ್ರ ಮತ ಎಂದರೆ ಹಳೆಯ ಕುಳಗಳ ಕೂಟವಾಗುತ್ತದೆ. ದೋಷವಿಲ್ಲದ ಪದ್ಧತಿಯನ್ನು ಯಾವ ಆಟವೂ ಇನ್ನೂ ಕಂಡುಹಿಡಿದಿಲ್ಲ ಎನ್ನಬೇಕು.

ಎರಡು ಏಣಿಗಳು

ಬೆಂಗಳೂರಿನ ಒಬ್ಬ ಫುಟ್‌ಬಾಲ್ ಆಟಗಾರನನ್ನು ಊಹಿಸಿಕೊಳ್ಳಿ. ಅವನ ಕ್ಲಬ್ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಸೇರಿದ್ದು. ಆ ಸಂಸ್ಥೆ 1937ರಲ್ಲಿ ಹುಟ್ಟಿದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸದಸ್ಯ. ಫೆಡರೇಷನ್ 1954ರಲ್ಲಿ ರಚನೆಯಾದ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸ್ಥಾಪಕ ಸದಸ್ಯ. ಎಲ್ಲರ ಮೇಲೆ ಫಿಫಾ. ಇದು ಮೊದಲನೆಯ ಏಣಿ, ಅಂದರೆ ಆಟದ ಏಣಿ.

ಎರಡನೆಯದು ಕೂಟದ ಏಣಿ. 1927ರಲ್ಲಿ ಸ್ಥಾಪನೆಯಾದ ಭಾರತೀಯ ಒಲಿಂಪಿಕ್ ಸಂಸ್ಥೆ ಒಂದು ಮೆಟ್ಟಿಲು. ಮುಂದಿನದು ಏಷ್ಯಾ ಒಲಿಂಪಿಕ್ ಮಂಡಲಿ. ಕೊನೆಯದು 1894ರಲ್ಲಿ ಕೂಬರ್ತ್ಯಾ ಕಟ್ಟಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ. ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುವುದು ಮೊದಲನೆಯ ಏಣಿಯ ಮೂಲಕ. ಏಷ್ಯಾಡ್, ಒಲಿಂಪಿಕ್ಸ್‌ಗೆ ದೇಶದ ತಂಡ ಹೋಗುವುದು ಎರಡನೆಯದರ ಮೂಲಕ.

ಎರಡು ಏಣಿಗಳಿರುವುದು ಕಾಗದದ ಮೇಲಿನ ಮಾತಲ್ಲ. 2023ರ ಆಗಸ್ಟ್‌ನಲ್ಲಿ, ಸಕಾಲದಲ್ಲಿ ಚುನಾವಣೆ ನಡೆಸಲಿಲ್ಲವೆಂದು ಭಾರತೀಯ ಕುಸ್ತಿ ಫೆಡರೇಷನ್ನನ್ನು ವಿಶ್ವ ಕುಸ್ತಿ ಸಂಸ್ಥೆ ಅಮಾನತುಗೊಳಿಸಿತು. ಮರು ತಿಂಗಳು ಬೆಲ್‌ಗ್ರೇಡ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಹರಿಯಾಣದ ಅಂತಿಮ್ ಪಂಘಾಲ್ ಎಂಬ 19ರ ಹುಡುಗಿ 53 ಕಿಲೋ ವಿಭಾಗದಲ್ಲಿ ಕಂಚು ಗೆದ್ದಳು. ಆದರೆ ಅವಳು ಕಣಕ್ಕೆ ಇಳಿದದ್ದು ತ್ರಿವರ್ಣದ ಅಡಿಯಲ್ಲಲ್ಲ, ‘ತಟಸ್ಥ’ ಸ್ಪರ್ಧಿಯಾಗಿ. ಎರಡು ವಾರ ಕಳೆದು ಹಾಂಗ್‌ಝೌ ಏಷ್ಯಾಡ್‌ನಲ್ಲಿ ಅದೇ ಹುಡುಗಿ, ಅದೇ 53 ಕಿಲೋದಲ್ಲಿ ಮತ್ತೆ ಕಂಚು ಗೆದ್ದಾಗ ಎದೆಯ ಮೇಲೆ ಭಾರತದ ಹೆಸರಿತ್ತು. ಮೊದಲನೆಯ ಏಣಿ ಮುರಿದಿತ್ತು, ಎರಡನೆಯದು ನಿಂತಿತ್ತು. ಹುಡುಗಿಯ ಪಟ್ಟುಗಳು ಎರಡೂ ಕಡೆ ಅವೇ.

ಲುಸಾನ್‌ನ ಬಾಗಿಲು

ಆಟವೊಂದರ ಅಂತರರಾಷ್ಟ್ರೀಯ ಸಂಸ್ಥೆಗೆ ಮಾನ್ಯತೆ ಕೊಡುವವರು ಯಾರು? ಸದಸ್ಯ ದೇಶಗಳ ಒಪ್ಪಿಗೆ ಮೊದಲನೆಯದು. ಅದರ ಮೇಲಿನ ಮುದ್ರೆ ಒಲಿಂಪಿಕ್ ಸಮಿತಿಯದು. ಒಲಿಂಪಿಕ್ ಸನ್ನದಿಗೆ ಹೊಂದುವ ನಿಯಮಾವಳಿ ಇರಬೇಕು. ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯನ್ನು ಒಪ್ಪಿ ಪಾಲಿಸಬೇಕು. ಆಟ ಜಗತ್ತಿನ ಹಲವು ಕಡೆ ನಡೆಯುತ್ತಿರಬೇಕು. ಮೊದಲು ತಾತ್ಕಾಲಿಕ ಮಾನ್ಯತೆ, ನಡೆನುಡಿ ನೋಡಿ ಪೂರ್ಣ ಮಾನ್ಯತೆ. ಐ.ಸಿ.ಸಿ.ಗೆ ತಾತ್ಕಾಲಿಕ ಮಾನ್ಯತೆ ದೊರೆತದ್ದು 2007ರಲ್ಲಿ, ಪೂರ್ಣ ಮಾನ್ಯತೆ 2010ರಲ್ಲಿ.

ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಆಟ ಒಲಿಂಪಿಕ್ಸ್‌ನಲ್ಲಿ ಸೇರಿತೆಂದಲ್ಲ. ಮದುವೆ ಮನೆಗೆ ಆಹ್ವಾನ ಬಂದರೂ ಮೊದಲ ಪಂಕ್ತಿಯಲ್ಲಿ ಎಲೆ ಸಿಗುತ್ತದೆಂಬ ಖಾತರಿ ಇಲ್ಲ. ಚೆಸ್ ಸಂಸ್ಥೆಗೆ 1999ರಲ್ಲೇ ಮಾನ್ಯತೆ ಸಿಕ್ಕಿದೆ. ಚೆಸ್ ಪದಕದ ಆಟವಾಗಿಲ್ಲ. ನಮ್ಮ ಜಾತ್ರೆಗಳ ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು ಎಂದರೆ ಅನೇಕರಿಗೆ ಅಚ್ಚರಿಯಾದೀತು. ಅದರ ಅಂತರರಾಷ್ಟ್ರೀಯ ಸಂಸ್ಥೆಗೆ ಮಾನ್ಯತೆ ಇದೆ, ಕೂಟದಲ್ಲಿ ಜಾಗ ಇಲ್ಲ. 1900ರಲ್ಲಿ ಒಮ್ಮೆ ಇದ್ದ ಕ್ರಿಕೆಟ್ ಅನ್ನು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸೇರಿಸುವ ತೀರ್ಮಾನವಾದದ್ದು 2023ರ ಅಕ್ಟೋಬರ್‌ನಲ್ಲಿ, ಅದೂ ಮುಂಬಯಿಯ ಅಧಿವೇಶನದಲ್ಲಿ.

ನಮ್ಮ ದೇಸಿ ಆಟಗಳೂ ಈ ಏಣಿಯನ್ನು ಹತ್ತುತ್ತಿವೆ. ಕಬಡ್ಡಿ 1990ರ ಬೀಜಿಂಗ್ ಏಷ್ಯಾಡ್‌ನಲ್ಲಿ ಪದಕದ ಆಟವಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದವು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ವಿಶ್ವಕಪ್ ನಡೆಸುವುದು ದೊಡ್ಡ ಹೆಜ್ಜೆಯೇ. ಆದರೆ ಬೇರೆ ಬೇರೆ ಖಂಡಗಳ ದೇಶಗಳು ವರ್ಷವಿಡೀ ತಮ್ಮ ನೆಲದಲ್ಲಿ ಆಟ ನಡೆಸುವಂತೆ ಮಾಡುವುದೇ ಮಾನ್ಯತೆಯ ನಿಜವಾದ ಪರೀಕ್ಷೆ.

ದೇಶ ಎಂದರೆ ಯಾವುದು?

ಈ ಲೋಕದ ಮೂಲಮಂತ್ರ ಒಂದೇ: ಒಂದು ಆಟಕ್ಕೆ ಒಂದು ವಿಶ್ವಸಂಸ್ಥೆ, ಒಂದು ದೇಶಕ್ಕೆ ಒಂದು ರಾಷ್ಟ್ರೀಯ ಸಂಸ್ಥೆ. ಹೇಳಲು ಸುಲಭ. ಆದರೆ ದೇಶ ಯಾವುದು ಎಂಬಲ್ಲೇ ತೊಡಕು.

ಬ್ರಿಟನ್ ವಿಶ್ವಸಂಸ್ಥೆಯಲ್ಲಿ ಒಂದು ರಾಷ್ಟ್ರ. ಫುಟ್‌ಬಾಲ್‌ನಲ್ಲಿ ಅದು ನಾಲ್ಕು: ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್. ಫಿಫಾ ಹುಟ್ಟುವ ಮೊದಲೇ ಈ ನಾಲ್ವರು ಸೇರಿ 1886ರಲ್ಲಿ ನಿಯಮಗಳ ಮಂಡಲಿಯೊಂದನ್ನು ಕಟ್ಟಿದ್ದರು. ಇಂದಿಗೂ ಫುಟ್‌ಬಾಲ್ ನಿಯಮ ಬದಲಿಸುವುದು ಆ ಮಂಡಲಿಯೇ. ಅಲ್ಲಿ ನಾಲ್ವರಿಗೆ ತಲಾ ಒಂದು ಮತ, ಫಿಫಾಗೆ ನಾಲ್ಕು ಮತ. ತಿದ್ದುಪಡಿಗೆ ಎಂಟರಲ್ಲಿ ಆರು ಬೇಕು. ಹಳೆಯ ಮನೆತನದ ಪಾಲು ಕಾಗದದ ಮೇಲೆ ಹೀಗೆ ಉಳಿದುಕೊಂಡಿದೆ.

ಕ್ರಿಕೆಟ್‌ನ ವೆಸ್ಟ್ ಇಂಡೀಸ್‌ನದು ಇದಕ್ಕೆ ತಿರುಗುಮುರುಗು. ಹಲವು ಸ್ವತಂತ್ರ ರಾಷ್ಟ್ರಗಳು ಸೇರಿ ಒಂದು ತಂಡ. ಆದರೆ ಒಲಿಂಪಿಕ್ಸ್‌ನಲ್ಲಿ ಜಮೈಕ ಬೇರೆ, ಬಾರ್ಬಡೋಸ್ ಬೇರೆ. ‘ವೆಸ್ಟ್ ಇಂಡೀಸ್’ ಎಂಬ ಒಲಿಂಪಿಕ್ ದೇಶವೇ ಇಲ್ಲ. ಹಾಗಾಗಿ ಕ್ರಿಕೆಟ್ ಒಲಿಂಪಿಕ್ಸ್‌ಗೆ ಬಂದೊಡನೆ, ಸೋಬರ್ಸ್, ರಿಚರ್ಡ್ಸ್, ಲಾರಾರನ್ನು ಕೊಟ್ಟ ತಂಡ ಯಾವ ಹೆಸರಿನಲ್ಲಿ ಬರಬೇಕು ಎಂಬ ಸಮಸ್ಯೆ ಎದ್ದಿತು. ಎರಡು ಏಣಿಗಳು ದೇಶವನ್ನು ಎರಡು ರೀತಿ ಅಳೆಯುವುದರಿಂದ ಆದ ಪೇಚಾಟ ಇದು.

ಇಬ್ಬರು ಚಾಂಪಿಯನ್ನರು

‘ಒಂದೇ ಸಂಸ್ಥೆ’ ಎಂಬ ಮಂತ್ರ ಕೆಲವರಿಗೆ ದಬ್ಬಾಳಿಕೆಯಾಗಿ ಕಾಣಬಹುದು. ಸ್ಪರ್ಧೆ ಇರಲಿ, ಎರಡು ಮೂರು ಸಂಸ್ಥೆಗಳಿರಲಿ ಎಂದು ವಾದಿಸುವವರೂ ಇದ್ದಾರೆ. ಎರಡಾದಾಗ ಏನಾಯಿತೆಂಬುದಕ್ಕೆ ಚೆಸ್ ಸಾಕ್ಷಿ.

1993ರಲ್ಲಿ ಗ್ಯಾರಿ ಕಾಸ್ಪರೋವ್ ಮತ್ತು ನೈಜೆಲ್ ಶಾರ್ಟ್ ಅಧಿಕೃತ ಸಂಸ್ಥೆಯಾದ ‘ಫಿಡೆ’ಯಿಂದ ಸಿಡಿದು ತಮ್ಮದೇ ವೃತ್ತಿಪರ ಸಂಸ್ಥೆ ಕಟ್ಟಿ ಪಟ್ಟಕ್ಕಾಗಿ ಆಡಿದರು. ಫಿಡೆ ಬೇರೆ ಪಟ್ಟ ನಡೆಸಿತು. ಅಂದಿನಿಂದ 13 ವರ್ಷ ಜಗತ್ತಿಗೆ ಎರಡೆರಡು ಪಟ್ಟ. ನಮ್ಮ ವಿಶ್ವನಾಥನ್ ಆನಂದ್ 1995ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಸ್ಪರೋವ್‌ಗೆ ಸೋತದ್ದು ಒಂದು ಪಟ್ಟಕ್ಕೆ, 2000ದಲ್ಲಿ ಟೆಹ್ರಾನ್‌ನಲ್ಲಿ ಗೆದ್ದದ್ದು ಇನ್ನೊಂದು ಪಟ್ಟವನ್ನು. ಅದಕ್ಕೆ ಕೆಲವೇ ವಾರ ಮೊದಲು ಲಂಡನ್‌ನಲ್ಲಿ ಕಾಸ್ಪರೋವ್‌ರನ್ನು ಸೋಲಿಸಿದ ಕ್ರಾಮ್ನಿಕ್ ಕೂಡ ವಿಶ್ವ ಚಾಂಪಿಯನ್ನೇ. ಆನಂದ್ ಗೆದ್ದರೂ ‘ಯಾವ ವಿಶ್ವ ಚಾಂಪಿಯನ್?’ ಎಂಬ ಕುಹಕ ತಪ್ಪಲಿಲ್ಲ. 2006ರಲ್ಲಿ ಪಟ್ಟಗಳು ಒಂದಾದವು. 2007ರಲ್ಲಿ ಮೆಕ್ಸಿಕೊದಲ್ಲಿ ಆನಂದ್ ಗೆದ್ದಾಗ, 2008ರಲ್ಲಿ ಬಾನ್‌ನಲ್ಲಿ ಕ್ರಾಮ್ನಿಕ್‌ರನ್ನೇ ಮಣಿಸಿದಾಗ ಆ ಕುಹಕಕ್ಕೆ ಬಾಯಿಲ್ಲದಾಯಿತು.

ಬಾಕ್ಸಿಂಗ್‌ನದು ಇನ್ನೂ ತೀಕ್ಷ್ಣ ಕಥೆ. 1946ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಹಣಕಾಸು, ತೀರ್ಪುಗಾರಿಕೆ, ಆಡಳಿತದ ಬಗ್ಗೆ ದೂರುಗಳು ಬೆಳೆದು, ಒಲಿಂಪಿಕ್ ಸಮಿತಿ 2019ರಲ್ಲಿ ಅದನ್ನು ಅಮಾನತಿನಲ್ಲಿಟ್ಟಿತು. 2023ರ ಜೂನ್‌ನಲ್ಲಿ ಮಾನ್ಯತೆಯನ್ನೇ ಕಿತ್ತುಕೊಂಡಿತು. ಟೋಕಿಯೊ ಮತ್ತು ಪ್ಯಾರಿಸ್ ಕೂಟಗಳ ಬಾಕ್ಸಿಂಗನ್ನು ಒಲಿಂಪಿಕ್ ಸಮಿತಿಯೇ ಬದಲಿ ವ್ಯವಸ್ಥೆ ಮಾಡಿ ನಡೆಸಬೇಕಾಯಿತು. 2023ರಲ್ಲಿ ‘ವರ್ಲ್ಡ್ ಬಾಕ್ಸಿಂಗ್’ ಎಂಬ ಹೊಸ ಸಂಸ್ಥೆ ಹುಟ್ಟಿತು. ಭಾರತ ಸೇರಿದಂತೆ ಒಂದೊಂದೇ ದೇಶ ಹಳೆಯ ಮನೆ ಬಿಟ್ಟು ಹೊಸ ಮನೆಗೆ ಬಂದಿತು. 2025ರ ಫೆಬ್ರುವರಿಯಲ್ಲಿ ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ದೊರೆತ ಮೇಲೆಯೇ, ಮರು ತಿಂಗಳು, 2028ರ ಕೂಟದಲ್ಲಿ ಬಾಕ್ಸಿಂಗ್ ಉಳಿಯುವುದು ಖಚಿತವಾಯಿತು. ಅಲ್ಲಿಯವರೆಗೆ ಜಗತ್ತಿನ ಸಾವಿರಾರು ಬಾಕ್ಸರ್‌ಗಳು ತಾವು ತಾಲೀಮು ಮಾಡುತ್ತಿರುವ ಆಟ ಒಲಿಂಪಿಕ್ಸ್‌ನಲ್ಲಿ ಇರುತ್ತದೋ ಇಲ್ಲವೋ ತಿಳಿಯದೆ ತಾಲೀಮು ಮಾಡುತ್ತಿದ್ದರು.

ಇರುವುದೊಂದೇ ಅಸ್ತ್ರ

ಪೊಲೀಸರಿಲ್ಲದ ಸಂಸ್ಥೆ ತಪ್ಪಿತಸ್ಥ ಸದಸ್ಯನನ್ನು ಹೇಗೆ ಶಿಕ್ಷಿಸಬೇಕು? ಅದರ ಬತ್ತಳಿಕೆಯಲ್ಲಿರುವ ದೊಡ್ಡ ಬಾಣ ಒಂದೇ: ಬಹಿಷ್ಕಾರ. ನಮ್ಮ ಹಳ್ಳಿಗಳ ಪಂಚಾಯಿತಿಕಟ್ಟೆಯ ಹಳೆಯ ಶಿಕ್ಷೆಯನ್ನೇ ಅದು ಹೋಲುತ್ತದೆ. ‘ಅವನ ಜೊತೆ ಯಾರೂ ಆಡಕೂಡದು.’

ಈ ಅಸ್ತ್ರ ಸದುದ್ದೇಶಕ್ಕೆ ಬಳಕೆಯಾದದ್ದೂ ಉಂಟು. ವರ್ಣಭೇದ ನೀತಿಗಾಗಿ ದಕ್ಷಿಣ ಆಫ್ರಿಕವನ್ನು ಫಿಫಾ 1961ರಲ್ಲಿ ಅಮಾನತುಗೊಳಿಸಿತು. 1964ರ ಒಲಿಂಪಿಕ್ಸ್‌ನಿಂದ ಅದನ್ನು ಹೊರಗಿಡಲಾಯಿತು, 1970ರಲ್ಲಿ ಒಲಿಂಪಿಕ್ ಬಳಗದಿಂದಲೇ ಉಚ್ಚಾಟಿಸಲಾಯಿತು. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕ. ಭಾರತ ಆಡಲು ನಿರಾಕರಿಸಿ ಕಪ್ಪನ್ನು ಬಿಟ್ಟುಕೊಟ್ಟಿತು. ವರ್ಣಭೇದ ಕುಸಿಯತೊಡಗಿದ ಮೇಲೆ 1991ರ ಜುಲೈನಲ್ಲಿ ಐ.ಸಿ.ಸಿ. ಬಾಗಿಲು ತೆರೆಯಿತು. ಅದೇ ನವೆಂಬರ್ 10ರಂದು ದಕ್ಷಿಣ ಆಫ್ರಿಕ ತಂಡ ತನ್ನ ಮರುಪ್ರವೇಶದ ಮೊದಲ ಪಂದ್ಯ ಆಡಿದ್ದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ, ಭಾರತದ ವಿರುದ್ಧ.

ಅಲ್ಲಿಯೂ ಬೆಲೆ ತೆತ್ತವರು ಆಟಗಾರರೇ. ಒಂದು ಪೀಳಿಗೆಯ ಪ್ರತಿಭೆ ಮನೆಯಲ್ಲೇ ಬತ್ತಿತು. ಆದರೆ ಆ ಬೆಲೆಯ ಹಿಂದೆ ಕೋಟ್ಯಂತರ ಜನರ ಮಾನದ ಪ್ರಶ್ನೆ ಇತ್ತು. ಪದಾಧಿಕಾರಿಗಳ ಕುರ್ಚಿ ಜಗಳಕ್ಕೂ ಅದೇ ಬಾಣ ಬಳಕೆಯಾದಾಗ ಮಾತ್ರ ಮನಸ್ಸು ಕಹಿಯಾಗುತ್ತದೆ.

ದಂಡ ತೆರುವವರು

ಭಾರತ ಈ ಕಹಿಯನ್ನು ಹಲವು ಬಾರಿ ಉಂಡಿದೆ. ಚುನಾವಣೆಯಲ್ಲಿ ಸರ್ಕಾರದ ಹಸ್ತಕ್ಷೇಪವಿದೆ, ಒಲಿಂಪಿಕ್ ಸನ್ನದಿನ ಪಾಲನೆಯಾಗಿಲ್ಲ ಎಂಬ ಕಾರಣಕ್ಕೆ 2012ರ ಡಿಸೆಂಬರ್‌ನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಾಯಿತು. 2014ರ ಫೆಬ್ರುವರಿಯಲ್ಲಿ ಸೋಚಿ ಚಳಿಗಾಲದ ಒಲಿಂಪಿಕ್ಸ್ ಆರಂಭವಾದಾಗ ಭಾರತದ ಮೂವರು ಸ್ಪರ್ಧಿಗಳು ಒಲಿಂಪಿಕ್ ಧ್ವಜದ ಹಿಂದೆ ನಡೆದರು. ಫೆಬ್ರುವರಿ 11ರಂದು ಅಮಾನತು ತೆರವಾಯಿತು. ಅಷ್ಟರಲ್ಲಿ ಲ್ಯೂಜ್ ಸ್ಪರ್ಧಿ ಶಿವ ಕೇಶವನ್‌ರ ಸ್ಪರ್ಧೆ ಮುಗಿದೇ ಹೋಗಿತ್ತು. ಅವರಿಗೆ ಅದು ಐದನೆಯ ಒಲಿಂಪಿಕ್ಸ್.

2022ರ ಆಗಸ್ಟ್ ಇನ್ನೂ ಹತ್ತಿರದ ನೆನಪು. ಅವಧಿ ಮುಗಿದರೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಚುನಾವಣೆ ನಡೆಯದೆ, ಸುಪ್ರೀಂ ಕೋರ್ಟ್ ಆಡಳಿತ ಸಮಿತಿಯೊಂದನ್ನು ನೇಮಿಸಿತ್ತು. ಇದು ‘ಮೂರನೆಯವರ ಪ್ರಭಾವ’ ಎಂದು ಫಿಫಾ ಭಾರತವನ್ನೇ ಅಮಾನತುಗೊಳಿಸಿತು. ಆಗ ಗೋಕುಲಂ ಕೇರಳ ಕ್ಲಬ್ಬಿನ ಹುಡುಗಿಯರು ಏಷ್ಯಾ ಮಹಿಳಾ ಕ್ಲಬ್ ಪಂದ್ಯಾವಳಿಗಾಗಿ ತಾಷ್ಕೆಂಟ್ ತಲುಪಿದ್ದರು. ಅರ್ಹತೆ ಗಳಿಸಿ, ವಿಮಾನ ಏರಿ, ಊರು ಮುಟ್ಟಿದ ಮೇಲೆ ಅವರಿಗೆ ತಿಳಿದದ್ದು, ಆಡುವಂತಿಲ್ಲ ಎಂದು. ಆಗಸ್ಟ್ 26ರಂದು ಅಮಾನತು ರದ್ದಾಯಿತು, ಅಕ್ಟೋಬರ್‌ನಲ್ಲಿ ಬಾಲಕಿಯರ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ಕೈತಪ್ಪಿದ ಪಂದ್ಯಗಳು ಮಾತ್ರ ಆ ಹುಡುಗಿಯರಿಗೆ ಮರಳಿ ಸಿಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಸರ್ಕಾರದ ಹಸ್ತಕ್ಷೇಪ ಬೇಡ ಎಂಬ ನಿಯಮ ಕೆಟ್ಟದ್ದಲ್ಲ. ಮಂತ್ರಿಗಳು ಬದಲಾದಂತೆಲ್ಲ ತಂಡದ ಆಯ್ಕೆಗಾರರು ಬದಲಾದರೆ ಆಟ ಉಳಿಯುವುದಿಲ್ಲ. ಆದರೆ ದಶಕಗಟ್ಟಲೆ ಕುರ್ಚಿ ಬಿಡದ ಪದಾಧಿಕಾರಿಗಳು ಅದೇ ನಿಯಮವನ್ನು ಕೊಡೆಯಾಗಿ ಹಿಡಿದರೆ? ನ್ಯಾಯಾಲಯ ಒಳಗೆ ಬಂದರೆ ಅಮಾನತು, ಬಾರದಿದ್ದರೆ ಯಥಾಸ್ಥಿತಿ. ಈ ಇಕ್ಕಟ್ಟಿನಲ್ಲಿ ಸಿಕ್ಕಿಬೀಳುವವರಿಗೆ ಆ ಸಂಸ್ಥೆಯ ಚುನಾವಣೆಯಲ್ಲಿ ಮತವೇ ಇರುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮೊದಲೇ ಹೇಳಿದಂತೆ ಸದಸ್ಯರೆಂದರೆ ಸಂಸ್ಥೆಗಳು, ಆಟಗಾರರಲ್ಲ.

ಪರಿಹಾರದ ಪ್ರಯತ್ನಗಳು ನಡೆದೇ ಇವೆ. 1984ರಲ್ಲಿ ಲುಸಾನ್‌ನಲ್ಲಿ ಕ್ರೀಡಾ ನ್ಯಾಯಮಂಡಲಿ ಸ್ಥಾಪನೆಯಾಯಿತು. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಹಾರ್ಮೋನ್ ಪ್ರಮಾಣದ ನಿಯಮದಿಂದಾಗಿ 2014ರಲ್ಲಿ ಸ್ಪರ್ಧೆಯಿಂದ ಹೊರಬಿದ್ದಾಗ ಅಲ್ಲಿಗೇ ಮೊರೆಹೋದರು. 2015ರ ಜುಲೈನಲ್ಲಿ ಮಂಡಲಿ ವಿಶ್ವ ಅಥ್ಲೆಟಿಕ್ ಸಂಸ್ಥೆಯ ಆ ನಿಯಮವನ್ನೇ ತಡೆಹಿಡಿಯಿತು. ಮರುವರ್ಷ ದ್ಯುತಿ ರಿಯೊದಲ್ಲಿ ಓಡಿದರು. 2024ರಲ್ಲಿ ತೂಕದ ಕಾರಣಕ್ಕೆ ಪ್ಯಾರಿಸ್ ಫೈನಲ್‌ನಿಂದ ಹೊರಬಿದ್ದ ವಿನೇಶ್ ಫೋಗಟ್‌ರ ಅರ್ಜಿಯನ್ನು ಅದೇ ಮಂಡಲಿ ತಳ್ಳಿಹಾಕಿತು. ಗೆಲುವು ಸೋಲು ಏನೇ ಇರಲಿ, ಒಬ್ಬ ಆಟಗಾರ್ತಿ ವಿಶ್ವಸಂಸ್ಥೆಯೊಂದನ್ನು ಕಟಕಟೆಗೆ ತರಬಹುದು ಎಂಬುದೇ ಹಿಂದೆ ಇರದಿದ್ದ ಬಲ.

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಗೆ ಒಪ್ಪಿಗೆ ಕೊಟ್ಟಿತು; ಅದು ಕಾಯ್ದೆಯಾಯಿತು. ಸಂಸ್ಥೆಗಳಿಗೆ ಮಾನ್ಯತೆ ಕೊಡಲು ರಾಷ್ಟ್ರೀಯ ಕ್ರೀಡಾ ಮಂಡಲಿ, ವ್ಯಾಜ್ಯ ತೀರ್ಮಾನಕ್ಕೆ ಕ್ರೀಡಾ ನ್ಯಾಯಮಂಡಲಿ, ಕಾರ್ಯಕಾರಿ ಸಮಿತಿಗಳಲ್ಲಿ ಹೆಸರಾಂತ ಕ್ರೀಡಾಪಟುಗಳಿಗೂ ಮಹಿಳೆಯರಿಗೂ ಸ್ಥಾನ ಮುಂತಾದ ಅಂಶಗಳು ಅದರಲ್ಲಿವೆ. ಕಾಯ್ದೆಯ ಅಕ್ಷರ ಮೈದಾನಕ್ಕೆ ಇಳಿಯುವುದು ಅದನ್ನು ನಡೆಸುವವರನ್ನು ಅವಲಂಬಿಸಿದೆ.

ಕೊನೆಯ ಮೆಟ್ಟಿಲು

ಲುಸಾನ್, ಜೂರಿಕ್ ಎಂದರೆ ದೂರದ ಮಾತು ಎನಿಸಬಹುದು. ಹಾಗಿಲ್ಲ. ಏಣಿಯ ಕೊನೆಯ ಮೆಟ್ಟಿಲು ನಮ್ಮ ತಾಲ್ಲೂಕುಗಳಲ್ಲೇ ಇದೆ. ಕ್ರೀಡಾ ಕೋಟಾದಡಿ ಕೇಂದ್ರ ಸರ್ಕಾರದ ನೌಕರಿಗೆ ಅರ್ಜಿ ಹಾಕುವವರು ನಿಗದಿತ ನಮೂನೆಯ ಪ್ರಮಾಣಪತ್ರ ತರಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಾದರೆ ರಾಷ್ಟ್ರೀಯ ಫೆಡರೇಷನ್ನಿನ ಸಹಿ, ರಾಷ್ಟ್ರೀಯ ಸ್ಪರ್ಧೆಗಾದರೆ ರಾಜ್ಯ ಸಂಸ್ಥೆಯ ಸಹಿ. ಒಂದೇ ಆಟಕ್ಕೆ ಎರಡು ‘ರಾಜ್ಯ ಸಂಸ್ಥೆ’ಗಳು ಹುಟ್ಟಿ, ಎರಡೂ ‘ರಾಷ್ಟ್ರೀಯ’ ಪಂದ್ಯಾವಳಿ ನಡೆಸಿದಾಗ, ಮಾನ್ಯತೆ ಇಲ್ಲದ ಕಡೆ ಆಡಿದ ಹುಡುಗನಿಗೆ ಪದಕ ಸಿಗುತ್ತದೆ, ಚಪ್ಪಾಳೆಯೂ ಸಿಗುತ್ತದೆ. ನೌಕರಿಯ ಕಿಟಕಿಯ ಬಳಿ ಕಾಗದ ಮಾತ್ರ ನಡೆಯುವುದಿಲ್ಲ.

ಆದ್ದರಿಂದ ಮಕ್ಕಳನ್ನು ಆಟಕ್ಕೆ ಕಳುಹಿಸುವ ತಂದೆತಾಯಿಗಳು, ತರಬೇತುದಾರರು, ಸ್ವತಃ ಆಟಗಾರರು ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಈ ಸಂಸ್ಥೆ ಯಾರಿಗೆ ಸೇರಿದ್ದು? ಅದರ ಮೇಲಿನ ಸಂಸ್ಥೆಗೆ ಕೇಂದ್ರದ ಮಾನ್ಯತೆ ಇದೆಯೆ? ಅದಕ್ಕೆ ಆ ಆಟದ ವಿಶ್ವಸಂಸ್ಥೆಯ ಮಾನ್ಯತೆ ಇದೆಯೆ? ಶುಲ್ಕ ಕಟ್ಟುವ ಮುನ್ನ ಕೇಳಿದರೆ ಯಾರೂ ತಪ್ಪು ತಿಳಿಯಬೇಕಾಗಿಲ್ಲ. ಉತ್ತರ ಹೇಳಲು ತಡವರಿಸುವ ಸಂಸ್ಥೆಯಾದರೆ ಆ ತಡವರಿಕೆಯೇ ಉತ್ತರ.